ಆರರ ಆಸುಪಾಸಿನ ಸಿಜಿಪಿಎ ಇಟ್ಟುಕೊಂಡು ಮಾಸ್ಟರ್ಸ್‌ಗೆ ಅರ್ಜಿ: ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಮಾರ್ಗದರ್ಶಿ

ಹತ್ತಕ್ಕೆ ಲೆಕ್ಕ ಹಾಕುವ ಸಿಜಿಪಿಎ 6.1 ಅಂದರೆ ನಿಜಕ್ಕೂ ಎಷ್ಟು? ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಓದಿದವರಿಗೆ ಅದು ಶೇಕಡಾ 53.5. ಜರ್ಮನಿಯ ಒಂದು ವಿಶ್ವವಿದ್ಯಾಲಯ ಅದನ್ನೇ 2.95 ಎಂದು ಓದಬಹುದು, ಇನ್ನೊಂದು 3.3 ಎಂದು ಓದಬಹುದು (ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು). ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯವರಿಗೆ ಅದು ‘ಐವತ್ತು ದಾಟಿದೆ, ಮುಂದೆ ಬಾ’ ಅಷ್ಟೇ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಂ.ಟೆಕ್ ಮಾಡಬೇಕೆಂದರೆ, ಸಾಮಾನ್ಯ ವರ್ಗದವರಿಗೆ ಅದು ಸಾಲದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಕು.

ಅಂಕ ಒಂದೇ, ಓದುವವರು ಬೇರೆ ಬೇರೆ. ಹಾಸನದ ಎಂಸಿಇ, ಚಿಕ್ಕಮಗಳೂರಿನ ಎಐಟಿ, ಎರಡೂ ಊರಿನ ಸರ್ಕಾರಿ ಕಾಲೇಜುಗಳು, ಎಲ್ಲಿ ಹೋದರೂ ಕೊನೆಯ ವರ್ಷದ ಹುಡುಗ ಹುಡುಗಿಯರು ‘ನಮ್ಮ ಸಿಜಿಪಿಎಗೆ ಎಲ್ಲೂ ಸಿಗಲ್ಲ ಬಿಡಿ ಸರ್’ ಎನ್ನುವುದು ಈ ಲೆಕ್ಕ ಹಾಕುವ ಮೊದಲೇ. ಲೆಕ್ಕದಿಂದಲೇ ಶುರು ಮಾಡೋಣ.

ನಿಮ್ಮ ಅಂಕವನ್ನು ಬಿಡಿಸಿ ನೋಡಿ

ವಿಟಿಯುವಿನ 2015 ಮತ್ತು 2018ರ ಸ್ಕೀಮುಗಳಲ್ಲಿ ಸೂತ್ರ ಸರಳ: ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಅಂದರೆ ಶೇ 50 ಬೇಕಾದವರಿಗೆ 5.75 ಇರಬೇಕು, ಶೇ 45 ಸಾಕಾದವರಿಗೆ 5.25, ಶೇ 60 ಬೇಕಾದವರಿಗೆ 6.75. ಆಮೇಲಿನ ಸ್ಕೀಮಿನವರು, ಎಂಸಿಇಯಂಥ ಸ್ವಾಯತ್ತ ಕಾಲೇಜಿನವರು, ಮೈಸೂರು ಅಥವಾ ಕುವೆಂಪು ವಿಶ್ವವಿದ್ಯಾಲಯದ ಅಂಕಪಟ್ಟಿ ಇರುವವರು ತಮ್ಮ ತಮ್ಮ ನಿಯಮಾವಳಿಯನ್ನೇ ನೋಡಬೇಕು. ಹೆಚ್ಚಿನ ಕಡೆ ಗ್ರೇಡ್ ಕಾರ್ಡಿನ ಹಿಂಬದಿಯಲ್ಲೇ ಸೂತ್ರ ಅಚ್ಚಾಗಿರುತ್ತದೆ. ಇಂಟರ್ನೆಟ್ಟಿನ ಕ್ಯಾಲ್ಕುಲೇಟರ್ ತೋರಿಸಿದ್ದನ್ನು ಅರ್ಜಿಯಲ್ಲಿ ತುಂಬಬೇಡಿ. ದಾಖಲೆ ಪರಿಶೀಲನೆಯ ದಿನ ಎರಡು ಸಂಖ್ಯೆ ತಾಳೆಯಾಗದಿದ್ದರೆ ಸೀಟೇ ಹೋಗುತ್ತದೆ. ಕಾಲೇಜಿನ ಪರೀಕ್ಷಾ ವಿಭಾಗದಿಂದ ಪರಿವರ್ತನೆಯ ಪತ್ರವೊಂದನ್ನು ಬರೆಸಿಕೊಂಡು ಇಟ್ಟುಕೊಳ್ಳಿ.

ಆಮೇಲೆ ಒಂದು ಹಾಳೆಯಲ್ಲಿ ಸೆಮಿಸ್ಟರ್ ಪ್ರಕಾರ ಎಸ್‌ಜಿಪಿಎ (ಆ ಒಂದು ಸೆಮಿಸ್ಟರಿನ ಸರಾಸರಿ) ಬರೆಯಿರಿ. ಪಕ್ಕದಲ್ಲಿ, ನೀವು ಮುಂದೆ ಓದಬೇಕೆಂದಿರುವ ವಿಷಯಕ್ಕೆ ನೇರ ಸಂಬಂಧಪಟ್ಟ ಏಳೆಂಟು ಪೇಪರುಗಳ ಗ್ರೇಡ್ ಮಾತ್ರ ಬರೆಯಿರಿ. ಈ ಹಾಳೆ ನಿಮ್ಮ ಒಟ್ಟು ಸಿಜಿಪಿಎಗಿಂತ ಹೆಚ್ಚು ಮಾತಾಡುತ್ತದೆ. ನಮ್ಮ ಕಡೆ ಬಹಳ ಜನರ ಕತೆ ಒಂದೇ ಥರ: ಪಿಯುಸಿವರೆಗೆ ಕನ್ನಡದಲ್ಲಿ ಯೋಚಿಸಿ ಬರೆದು ಬಂದವರು ಮೊದಲ ಎರಡು ಸೆಮಿಸ್ಟರಿನಲ್ಲಿ ಗಣಿತ, ಫಿಸಿಕ್ಸ್‌ನಲ್ಲಿ ಬಿದ್ದಿರುತ್ತಾರೆ, ಐದನೇ ಸೆಮಿಸ್ಟರಿನಿಂದ ಏರಿರುತ್ತಾರೆ. ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಿಗೆ ಮೂರನೇ ಸೆಮಿಸ್ಟರಿನ ಗಣಿತವೇ ಗಂಡಾಂತರ. ಏರುವ ಗೆರೆ ಇದ್ದರೆ ಅದು ನಿಮ್ಮ ಆಸ್ತಿ. ಇಳಿಯುವ ಗೆರೆ ಇದ್ದರೆ, ಅಂದರೆ ಮೊದಲ ವರ್ಷ 7.5 ಇದ್ದು ಕೊನೆಗೆ 5.6 ಆಗಿದ್ದರೆ, ಕೆಲಸ ಕಷ್ಟ. ಅದಕ್ಕೆ ಉತ್ತರ ಸಿದ್ಧವಿರಬೇಕು.

ಇನ್ನೂ ನಾಲ್ಕನೇ ಸೆಮಿಸ್ಟರಿನಲ್ಲಿ ಇರುವವರಿಗೆ ಒಂದು ಮಾತು. ಒಟ್ಟು 160 ಕ್ರೆಡಿಟ್ ಎಂದಿಟ್ಟುಕೊಳ್ಳಿ. ಅರ್ಧದಲ್ಲಿ 5.8 ಇದೆ, ಉಳಿದ ಅರ್ಧವನ್ನು 8ರಲ್ಲಿ ಮುಗಿಸಿದರೆ ಕೊನೆಗೆ 6.9. ಅಷ್ಟಾದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಡ.

ಕಟ್‌ಆಫ್ ಬೇರೆ, ತೂಕ ಬೇರೆ

ಇಡೀ ವಿಷಯದಲ್ಲಿ ನನ್ನ ಮಟ್ಟಿಗೆ ಇದೇ ಮುಖ್ಯ. ಕೆಲವು ಕಡೆ ಪದವಿಯ ಅಂಕ ಬಾಗಿಲಲ್ಲಿ ಮಾತ್ರ ಕೇಳುತ್ತಾರೆ. ಒಳಗೆ ಹೋದ ಮೇಲೆ 51 ಇದ್ದವರೂ 91 ಇದ್ದವರೂ ಒಂದೇ, ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮಾತ್ರ ಲೆಕ್ಕ. ಇನ್ನು ಕೆಲವು ಕಡೆ ಅಂಕವನ್ನೇ ತೂಗಿ ಪಟ್ಟಿ ಮಾಡುತ್ತಾರೆ. ಮೂರನೇ ಬಗೆಯವರು ಅಂಕದ ಜೊತೆ ನಿಮ್ಮ ಬರಹ, ಶಿಫಾರಸು ಪತ್ರ, ಮಾಡಿದ ಕೆಲಸ ಎಲ್ಲವನ್ನೂ ಓದಿ ತೀರ್ಮಾನಿಸುತ್ತಾರೆ. ಕಡಿಮೆ ಅಂಕದವರು ಮೊದಲ ಮತ್ತು ಮೂರನೇ ಬಗೆಯ ಕಡೆ ಶಕ್ತಿ ಹಾಕಬೇಕು. ಎರಡನೆಯದರಲ್ಲಿ ಹಣ, ಸಮಯ ಕಳೆಯುವುದು ಬೇಡ.

ಮೊದಲ ಬಗೆಗೆ ಹತ್ತಿರದ ಉದಾಹರಣೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ. ಎಂಬಿಎ, ಎಂಸಿಎ, ಎಂ.ಟೆಕ್‌ಗೆ ಪದವಿಯಲ್ಲಿ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ 45 ಇದ್ದರೆ ಅರ್ಹತೆ. ಎಂ.ಟೆಕ್‌ನಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ಗೇಟ್‌ನಲ್ಲಿ ಅರ್ಹತೆ ಪಡೆದವರಿಗೆ ಮೊದಲ ಆದ್ಯತೆ, ಅವರಾದ ಮೇಲೆ ಪಿಜಿಸಿಇಟಿ ರ‍್ಯಾಂಕಿನವರು.

ಗೇಟ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕಡಿಮೆ ಸಿಜಿಪಿಎಗೆ ದೇಶದೊಳಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಪರೀಕ್ಷೆ ಬರೆಯಲು ಕನಿಷ್ಠ ಅಂಕದ ಷರತ್ತೇ ಇಲ್ಲ. ಮೂರನೇ ವರ್ಷದಲ್ಲಿ ಇರುವವರೂ ಬರೆಯಬಹುದು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಜನರಲ್ ಆ್ಯಪ್ಟಿಟ್ಯೂಡ್. ಸ್ಕೋರಿಗೆ ಮೂರು ವರ್ಷ ಆಯಸ್ಸು. ಅಂಗೀಕೃತ ಸಂಸ್ಥೆಗಳಲ್ಲಿ ಗೇಟ್ ಮೂಲಕ ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುವ ಯೋಜನೆ ಇದೆ. ಆದರೆ ಗೇಟ್‌ನಲ್ಲಿ ಒಳ್ಳೆ ಸ್ಕೋರ್ ಬಂತೆಂದು ಎಲ್ಲ ಬಾಗಿಲೂ ತೆರೆಯುವುದಿಲ್ಲ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ ಹೋಗುವಾಗ ಸಾಮಾನ್ಯ, ಒಬಿಸಿ, ಇಡಬ್ಲ್ಯುಎಸ್ ವರ್ಗದವರಿಗೆ 6.5 ಸಿಜಿಪಿಎ ಅಥವಾ ಶೇ 60 ಬೇಕು; ಪರಿಶಿಷ್ಟ ಜಾತಿ, ಪಂಗಡ, ಅಂಗವಿಕಲರಿಗೆ 6.0 ಅಥವಾ ಶೇ 55. ಐಐಟಿಗಳಲ್ಲಿ ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ಹಾಗಾಗಿ ಓದಲು ಕೂರುವ ಮೊದಲು ಆಯಾ ವಿಭಾಗದ ಬ್ರೋಷರಿನಲ್ಲಿ ಕನಿಷ್ಠ ಅಂಕದ ಸಾಲನ್ನು ಹುಡುಕಿ ಗೆರೆ ಹಾಕಿಕೊಳ್ಳಿ. 6.4 ಇಟ್ಟುಕೊಂಡು ಸುರತ್ಕಲ್ ಕನಸು ಕಾಣುತ್ತಾ ಒಂದು ವರ್ಷ ಕಳೆಯುವುದಕ್ಕಿಂತ, ಅದೇ ಸ್ಕೋರಿನಿಂದ ರಾಜ್ಯದ ಒಳ್ಳೆಯ ಕಾಲೇಜೊಂದರಲ್ಲಿ ಸರ್ಕಾರಿ ಸೀಟು ಹಿಡಿಯುವುದು ಜಾಣತನ.

ಬಿ.ಎಸ್ಸಿ., ಬಿ.ಕಾಂ., ಬಿ.ಎ.ಯವರಿಗೆ ದಾರಿ ಬೇರೆ. ಐಡಿಎಸ್‌ಜಿ ಕಾಲೇಜಿನಿಂದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ, ಹಾಸನದ ವಿಜ್ಞಾನ ಕಾಲೇಜಿನಿಂದ ಅಲ್ಲಿನ ಸ್ನಾತಕೋತ್ತರ ಆವರಣ ಹೇಮಗಂಗೋತ್ರಿಗೋ ಮೈಸೂರಿನ ಮಾನಸಗಂಗೋತ್ರಿಗೋ ಅರ್ಜಿ ಹಾಕುವಾಗ ಒಟ್ಟು ಶೇಕಡಾವಾರಿಗಿಂತ ಆಯ್ದ ಐಚ್ಛಿಕ ವಿಷಯದ ಅಂಕಕ್ಕೆ ಹೆಚ್ಚು ಬೆಲೆ ಇರುತ್ತದೆ. ಭಾಷಾ ಪೇಪರುಗಳಲ್ಲಿ ಸೋತು ಕೆಮಿಸ್ಟ್ರಿಯಲ್ಲಿ ಗೆದ್ದವರು ತಮ್ಮನ್ನು ತಾವು ಸುಮ್ಮನೆ ಕಡಿಮೆ ಎಣಿಸಿಕೊಂಡಿರುತ್ತಾರೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯವೂ ಅದರಲ್ಲಿದೆ. ಅಲ್ಲಿ ಪರೀಕ್ಷೆಯ ಅಂಕವೇ ಪ್ರಧಾನ. ಪಿಎಚ್‌.ಡಿ. ಗುರಿ ಇರುವವರಿಗೆ ಇನ್ನೊಂದು ಸಮಾಧಾನ: ಯುಜಿಸಿಯ 2022ರ ನಿಯಮದಲ್ಲಿ ಸ್ನಾತಕೋತ್ತರ ಪದವಿ ಮಾಡಿದವರಿಗೆ ಕೇಳುವುದು ಆ ಪದವಿಯ ಶೇ 55. ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್‌ಗೂ ಅಷ್ಟೇ. ಬಿ.ಎಸ್ಸಿ.ಯ 49 ಅಲ್ಲಿಗೆ ಹಿಂದೆ ಸರಿಯುತ್ತದೆ.

ಹೊರದೇಶವಾದರೆ: ಅದೇ ಅಂಕ, ಬೇರೆ ಲೆಕ್ಕ

ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು. ಪರಿವರ್ತನೆಗೆ ಬವೇರಿಯನ್ ಸೂತ್ರ ಬಳಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸು ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಮೊದಲೇ ಹೇಳಿದ 6.1ನ್ನು ಇಲ್ಲಿ ಹಾಕಿ ನೋಡಿ. ಗರಿಷ್ಠ 10, ಪಾಸು 4 ಎಂದರೆ 2.95. ಯಾರೋ ಪಾಸು ಅಂಕವನ್ನು 5 ಎಂದು ತುಂಬಿದರೆ 3.34. ಸಿಜಿಪಿಎ ಬದಲು ಶೇ 53.5 ಹಾಕಿ, ಪಾಸು 40 ಎಂದರೆ 3.3. ಮನುಷ್ಯ ಒಬ್ಬನೇ, ಗ್ರೇಡ್ ಮೂರು! ಆದ್ದರಿಂದ ಕನಿಷ್ಠ ಪಾಸು ಗ್ರೇಡ್ ಎಷ್ಟು ಎಂಬುದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿದೆಯೇ ನೋಡಿ. ಇಲ್ಲದಿದ್ದರೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿ.

ಅಲ್ಲಿನ ಹೆಸರುವಾಸಿ ಕೋರ್ಸುಗಳು 2.5 ಅಥವಾ ಅದಕ್ಕಿಂತ ಉತ್ತಮ ಗ್ರೇಡ್ ಕೇಳುವುದು ಸಾಮಾನ್ಯ. 2.9, 3.0 ಇರುವವರು ಹುಡುಕಬೇಕಾದದ್ದು ‘ಹೊಖ್‌ಶೂಲೆ’ ಎಂಬ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಗಳಲ್ಲಿ. ಕೆಲವು ಕೋರ್ಸುಗಳಲ್ಲಿ ಗ್ರೇಡ್‌ಗಿಂತ ನಿಮ್ಮ ಪೇಪರುಗಳು ಅವರ ಪೇಪರುಗಳಿಗೆ ಎಷ್ಟು ಹೊಂದುತ್ತವೆ ಎಂಬುದೇ ದೊಡ್ಡ ಪ್ರಶ್ನೆ. ಅದಕ್ಕಾಗಿ ಎಲ್ಲ ವಿಷಯಗಳ ಸಿಲಬಸ್ ಪುಟಗಳನ್ನು ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ (ನಿಮ್ಮ ಅಂಕಪಟ್ಟಿ ಅಸಲಿ ಎಂಬ ದೃಢೀಕರಣ) ಕಡ್ಡಾಯ, ಶುಲ್ಕ 18,000 ರೂಪಾಯಿ. ಇದು ಕೈಗೆ ಬರಲು ವಾರಗಟ್ಟಲೆ ಹಿಡಿಯುವುದರಿಂದ ಮೊದಲು ಹಾಕಬೇಕಾದ ಅರ್ಜಿಯೇ ಇದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುತೇಕ ಇಲ್ಲ ಎಂಬುದು ನಿಜ, ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಜೊತೆಗೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ.

ಅಮೆರಿಕದ ಹೆಚ್ಚಿನ ಗ್ರಾಜುಯೇಟ್ ಸ್ಕೂಲುಗಳು 4ಕ್ಕೆ 3.0 ಜಿಪಿಎ ಕೇಳುತ್ತವೆ. ನಮ್ಮವರು 6.1ನ್ನು 2.5ರಿಂದ ಭಾಗಿಸಿ ‘2.44 ಬಂತು, ಮುಗೀತು’ ಅಂದುಕೊಳ್ಳುತ್ತಾರೆ. ಆ ಭಾಗಾಕಾರಕ್ಕೆ ಅಧಿಕೃತ ಬೆಲೆ ಇಲ್ಲ. ಡಬ್ಲ್ಯುಇಎಸ್‌ನಂಥ, ಹೊರದೇಶದ ಅಂಕಪಟ್ಟಿ ಅಳೆಯುವ ಸಂಸ್ಥೆಗಳು ಪ್ರತಿ ಪೇಪರಿನ ಗ್ರೇಡನ್ನೂ ಭಾರತದ ಮೌಲ್ಯಮಾಪನದ ಬಿಗಿ ಗೊತ್ತಿಟ್ಟುಕೊಂಡೇ ಪರಿವರ್ತಿಸುತ್ತವೆ, ಬರುವ ಸಂಖ್ಯೆ ಸಾಮಾನ್ಯವಾಗಿ ಈ ಭಾಗಾಕಾರಕ್ಕಿಂತ ಮೇಲಿರುತ್ತದೆ. ಹಲವು ವಿಶ್ವವಿದ್ಯಾಲಯಗಳು ಕೊನೆಯ ಎರಡು ವರ್ಷದ ಜಿಪಿಎಯನ್ನು ಪ್ರತ್ಯೇಕವಾಗಿ ನೋಡುತ್ತವೆ. ಕೆಲವು ಕಡೆ ಷರತ್ತಿನ ಪ್ರವೇಶ, ಅಂದರೆ ಮೊದಲ ಸೆಮಿಸ್ಟರಿನಲ್ಲಿ 3.0 ತೆಗೆದು ತೋರಿಸಬೇಕು ಎಂಬ ಒಪ್ಪಂದ, ಇರುತ್ತದೆ. ಅರ್ಜಿ ಶುಲ್ಕ ಕಟ್ಟುವ ಮೊದಲು ವಿಭಾಗದ ಗ್ರಾಜುಯೇಟ್ ಕೋಆರ್ಡಿನೇಟರ್‌ಗೆ ಐದು ಸಾಲಿನ ಇಮೇಲ್ ಹಾಕಿ: ನನ್ನ ಅಂಕ ಇಷ್ಟು, ಕೊನೆಯ ನಾಲ್ಕು ಸೆಮಿಸ್ಟರಿನದು ಇಷ್ಟು, ಅರ್ಜಿ ಪರಿಗಣಿಸುತ್ತೀರಾ? ಅವರು ಉತ್ತರಿಸುತ್ತಾರೆ. ‘ಇಲ್ಲ’ ಎಂದರೂ ಎಂಟು ಸಾವಿರ ರೂಪಾಯಿ ಉಳಿಯಿತು.

ಗ್ರಾಜುಯೇಟ್ ಸ್ಕೂಲುಗಳ ಪ್ರವೇಶಕ್ಕೆ ಬರೆಯುವ ಪರೀಕ್ಷೆ ಜಿಆರ್‌ಇ 2023ರ ಸೆಪ್ಟೆಂಬರ್‌ನಿಂದ ಎರಡು ಗಂಟೆಗೂ ಕಡಿಮೆ ಅವಧಿಯದು, ಸ್ಕೋರ್ ಐದು ವರ್ಷ ನಡೆಯುತ್ತದೆ. ಬಹಳ ಕೋರ್ಸುಗಳು ಅದನ್ನು ಐಚ್ಛಿಕ ಮಾಡಿವೆ. ನನ್ನ ಅಭಿಪ್ರಾಯ: ಸಿಜಿಪಿಎ ಕಡಿಮೆ ಇರುವವರಿಗೆ ಐಚ್ಛಿಕವೂ ಕಡ್ಡಾಯವೇ. ಗಣಿತದಲ್ಲಿ 165ರ ಮೇಲೆ ಬಂದರೆ ಮೊದಲ ವರ್ಷದ ಗಣಿತದ ಬ್ಯಾಕ್‌ಲಾಗ್ ಬಗ್ಗೆ ನೀವು ಹೆಚ್ಚು ವಿವರಿಸಬೇಕಾಗಿಲ್ಲ. ಬ್ರಿಟನ್ ಬಗ್ಗೆ ಇಷ್ಟೇ: ಮೂರು ವರ್ಷದ ಪದವಿಯನ್ನು ಒಪ್ಪುತ್ತಾರೆ, ಶೇ 50–55ಕ್ಕೂ ಕೋರ್ಸು ಸಿಗುತ್ತದೆ, ಫೀಸು ಮಾತ್ರ ಎದೆ ನಡುಗಿಸುತ್ತದೆ.

ಅಂಕ ಹೇಳದ್ದನ್ನು ಹೇಳುವ ಕೆಲಸ

ಅಂಕಪಟ್ಟಿ ಬದಲಾಗುವುದಿಲ್ಲ, ಅದರ ಪಕ್ಕದಲ್ಲಿ ಇಡುವ ಕಾಗದ ಬದಲಾಗಬಹುದು. ಎಲ್ಲಕ್ಕಿಂತ ಅಗ್ಗದ್ದು ಎನ್‌ಪಿಟಿಇಎಲ್, ಅಂದರೆ ಐಐಟಿಯವರು ನಡೆಸುವ ಆನ್‌ಲೈನ್ ಕೋರ್ಸುಗಳು. ಕೋರ್ಸಿಗೆ ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ನೀವು ಬಿದ್ದಿದ್ದ ವಿಷಯದಲ್ಲೇ, ಅಥವಾ ಅದರ ಮುಂದಿನ ಹಂತದಲ್ಲೇ ಕೋರ್ಸು ತೆಗೆದುಕೊಳ್ಳಿ. ಸಿಗ್ನಲ್ಸ್‌ನಲ್ಲಿ ಎರಡು ಸಲ ಬಿದ್ದವರು ಅದೇ ವಿಷಯದ ಎನ್‌ಪಿಟಿಇಎಲ್ ಪರೀಕ್ಷೆಯಲ್ಲಿ 80 ತೆಗೆದರೆ ಅದಕ್ಕೊಂದು ಅರ್ಥವಿದೆ. ಸುಲಭವಾಗಿ ಸಿಗುವ ಹತ್ತು ಆನ್‌ಲೈನ್ ಸರ್ಟಿಫಿಕೇಟುಗಳನ್ನು ಗುಡ್ಡೆ ಹಾಕಿದರೆ ಓದುವವರಿಗೆ ಆಕಳಿಕೆ ಬರುತ್ತದೆ.

ಎರಡನೆಯದು ಪ್ರಾಜೆಕ್ಟ್. ಬೆಂಗಳೂರಿನ ಅಂಗಡಿಯಿಂದ ಕೊಂಡುತಂದ ‘ರೆಡಿಮೇಡ್’ ಪ್ರಾಜೆಕ್ಟಿನ ಬಗ್ಗೆ ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಬಣ್ಣ ಬಯಲಾಗುತ್ತದೆ. ನಮ್ಮ ಎರಡು ಜಿಲ್ಲೆಯಲ್ಲಿ ವಿಷಯಕ್ಕೇನು ಬರ? ಮಲೆನಾಡಿನ ಹಳೆಯ ಕಾಫಿ ತೋಟಗಳಲ್ಲಿ ದಿನದಿನದ ಮಳೆ ಲೆಕ್ಕದ ಪುಸ್ತಕಗಳಿರುತ್ತವೆ, ಅಜ್ಜನ ಕಾಲದಿಂದ ಬರೆದಿಟ್ಟವು. ಹತ್ತಿಪ್ಪತ್ತು ತೋಟಗಳ ಪುಸ್ತಕ ಸೇರಿಸಿ, ಕಂಪ್ಯೂಟರಿಗೆ ಏರಿಸಿ, ಹೂಮಳೆ ಹಿಂದೆ ಮುಂದೆ ಸರಿದಿದೆಯೇ ಎಂದು ನೋಡಿದರೆ ಅದು ಡೇಟಾ ಸೈನ್ಸಿನವರಿಗೂ ಸಂಖ್ಯಾಶಾಸ್ತ್ರದವರಿಗೂ ಪರಿಸರ ವಿಜ್ಞಾನದವರಿಗೂ ಒಪ್ಪುವ ಕೆಲಸ. ಬೇರೆ ಎಲ್ಲಿಯೂ ಸಿಗದ ದತ್ತಾಂಶ ನಿಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿರಬಹುದು. ಎಲೆ ತುಕ್ಕು, ಬಿಳಿ ಕಾಂಡಕೊರಕ, ಹಾಸನದ ಆಲೂಗಡ್ಡೆಗೆ ಬರುವ ಅಂಗಮಾರಿ, ಆಲೂರು, ಸಕಲೇಶಪುರದ ಕಾಡಾನೆ ಸಮಸ್ಯೆ, ಶಿರಾಡಿ, ಚಾರ್ಮಾಡಿಯ ಭೂಕುಸಿತ, ಒಂದೊಂದೂ ಒಂದೊಂದು ವಿಭಾಗಕ್ಕೆ ಹೊಂದುತ್ತದೆ. ಸಸ್ಯಶಾಸ್ತ್ರ, ಕೃಷಿ ಓದಿದವರಿಗೆ ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಕಾಫಿ ಸಂಶೋಧನಾ ಕೇಂದ್ರ ಮಗ್ಗುಲಲ್ಲೇ ಇದೆ. ಮಾರ್ಗದರ್ಶಕರ ಪತ್ರ ಹಿಡಿದು ವಿಚಾರಿಸಿ. ಮಾಡಿದ್ದನ್ನು ಹತ್ತು ಪುಟದ ವರದಿಯಾಗಿ ಬರೆದು, ಕೋಡ್ ಇದ್ದರೆ ಗಿಟ್‌ಹಬ್‌ನಲ್ಲಿಟ್ಟು, ಕೊಂಡಿಯನ್ನು ಅರ್ಜಿಯಲ್ಲಿ ಕೊಡಿ.

ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಅರ್ಜಿ ಹಾಕುವುದೂ ಒಳ್ಳೆಯ ದಾರಿಯೇ. ಓದುವ ವಿಷಯಕ್ಕೂ ಕೆಲಸಕ್ಕೂ ಸಂಬಂಧ ಇರಬೇಕು, ಅಷ್ಟೇ.

ಎಸ್‌ಒಪಿಯಲ್ಲಿ ಅಂಕದ ಮಾತು

ಎಸ್‌ಒಪಿ ಎಂದರೆ ಯಾಕೆ ಈ ಕೋರ್ಸು ಓದಬೇಕೆಂದು ಅರ್ಜಿಯ ಜೊತೆ ಬರೆದುಕೊಡುವ ಬರಹ. ಕಡಿಮೆ ಅಂಕದ ವಿಷಯ ಅದರಲ್ಲಿ ಹೇಳಬೇಕೋ ಬೇಡವೋ? ಬ್ಯಾಕ್‌ಲಾಗ್ ಇದ್ದರೆ, ಒಂದು ಸೆಮಿಸ್ಟರ್ ಎದ್ದು ಕಾಣುವಷ್ಟು ಕುಸಿದಿದ್ದರೆ ಹೇಳಿ. ಎಲ್ಲ ಸೆಮಿಸ್ಟರಿನಲ್ಲೂ ಸಮನಾಗಿ 6.3 ಇದ್ದರೆ ವಿವರಿಸಲು ಏನೂ ಇಲ್ಲ. ಮಾಡಿದ ಕೆಲಸದ ಬಗ್ಗೆ ಬರೆಯಿರಿ.

ಹೇಳುವುದಾದರೆ ಮೂರು ವಾಕ್ಯ, ಅದೂ ಬರಹದ ನಡುವೆ. ಮೊದಲ ಪ್ಯಾರಾದಲ್ಲಿ ಬೇಡ, ಕೊನೆಯದರಲ್ಲಂತೂ ಬೇಡವೇ ಬೇಡ. ಕಾರಣ, ಬದಲಾದದ್ದು, ಅದಕ್ಕೆ ಪುರಾವೆ. ಹೀಗೆ: ‘ಹನ್ನೆರಡನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಮೊದಲ ವರ್ಷ ಇಂಗ್ಲಿಷ್ ಉಪನ್ಯಾಸ ಅನುಸರಿಸುವುದು ಕಷ್ಟವಾಯಿತು, ಎರಡು ಪೇಪರುಗಳಲ್ಲಿ ಅನುತ್ತೀರ್ಣನಾದೆ. ಮುಂದಿನ ವರ್ಷವೇ ಎರಡನ್ನೂ ಪಾಸು ಮಾಡಿದೆ. ಕೊನೆಯ ನಾಲ್ಕು ಸೆಮಿಸ್ಟರಿನ ಸರಾಸರಿ 7.4.’ ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ, ಆದರೆ ಇಷ್ಟೇ ನೇರವಾಗಿರಲಿ. ಇಲ್ಲದ ಕಾಯಿಲೆ, ಸಾಯದ ಅಜ್ಜಿ ಬೇಡ. ‘ನಮ್ಮ ವಿಶ್ವವಿದ್ಯಾಲಯದ ಮೌಲ್ಯಮಾಪನ ಸರಿಯಿಲ್ಲ’ ಎಂಬ ದೂರು ಎಷ್ಟೇ ನಿಜವಾದರೂ ಬೇಡ, ಅದೇ ವಿಶ್ವವಿದ್ಯಾಲಯದಿಂದ 9 ತಂದವರ ಅರ್ಜಿ ನಿಮ್ಮದರ ಕೆಳಗೇ ಇರುತ್ತದೆ.

ಶಿಫಾರಸು ಪತ್ರಕ್ಕೆ ಎಚ್‌ಒಡಿ, ಪ್ರಿನ್ಸಿಪಾಲರ ಬೆನ್ನು ಹತ್ತುವ ಚಾಳಿ ನಮ್ಮಲ್ಲಿದೆ. ನಿಮ್ಮ ಹೆಸರೇ ಸರಿಯಾಗಿ ಗೊತ್ತಿಲ್ಲದ ದೊಡ್ಡವರ ಪತ್ರಕ್ಕಿಂತ, ಪ್ರಾಜೆಕ್ಟಿನಲ್ಲಿ ನಿಮ್ಮ ಜೊತೆ ಸಂಜೆ ಏಳರವರೆಗೆ ಲ್ಯಾಬಿನಲ್ಲಿ ಕೂತ ಅಸಿಸ್ಟೆಂಟ್ ಪ್ರೊಫೆಸರ್ ಬರೆದದ್ದು ಲೇಸು. ‘ಅಂಕ ನೋಡಿ ಅಳೆಯಬೇಡಿ, ಈ ಹುಡುಗಿ ಈ ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ’ ಎಂದು ಹೇಳಬಲ್ಲವರು ಅವರೇ. ‘ನೀನೇ ಬರೆದು ತಾ, ಸಹಿ ಹಾಕ್ತೀನಿ’ ಎಂದರೆ ಪೂರ್ತಿ ಪತ್ರದ ಬದಲು ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಪೇಪರ್ ಕಲಿಸಿದರು, ಪ್ರಾಜೆಕ್ಟಿನಲ್ಲಿ ನಿಮ್ಮ ಪಾಲೇನು, ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಬಿಡಿಸಿದಿರಿ. ಮೂರು ಪತ್ರವೂ ಒಂದೇ ಶೈಲಿಯಲ್ಲಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಸಣ್ಣ ವಿಷಯ ದೊಡ್ಡ ತಲೆನೋವಾಗುತ್ತದೆ: ಹೊರದೇಶದ ಹಲವು ವಿಶ್ವವಿದ್ಯಾಲಯಗಳು ಶಿಫಾರಸು ಮಾಡುವವರ ಕಾಲೇಜು ಇಮೇಲ್ ಕೇಳುತ್ತವೆ, ಜಿಮೇಲ್ ಒಪ್ಪುವುದಿಲ್ಲ. ನಿಮ್ಮ ಮೇಷ್ಟ್ರಿಗೆ ಕಾಲೇಜಿನ ಐಡಿ ಇದೆಯೇ, ಅದರ ಪಾಸ್‌ವರ್ಡ್ ಅವರಿಗೆ ನೆನಪಿದೆಯೇ ಎಂದು ಮೊದಲೇ ಕೇಳಿ.

ಕ್ಯಾಲೆಂಡರ್ ಮತ್ತು ಕಾಗದ

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಅಮೆರಿಕದ ಕೋರ್ಸುಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್, ಜನವರಿ. ಜರ್ಮನಿಯ ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಎಂದು ಹೇಳುತ್ತಾರಾದರೂ ಹೊರಗಿನವರಿಗೆ ಮೇ 31ಕ್ಕೋ ಅದಕ್ಕೂ ಮೊದಲೋ ಮುಗಿಸುವ ಕೋರ್ಸುಗಳು ಬಹಳ. ಟ್ರಾನ್ಸ್‌ಕ್ರಿಪ್ಟ್, ಬ್ಯಾಕ್‌ಲಾಗ್ ಪ್ರಮಾಣಪತ್ರ, ಇಂಗ್ಲಿಷ್ ಮಾಧ್ಯಮದ ಪತ್ರ ಇವುಗಳನ್ನು ಕೊನೆಯ ದಿನಕ್ಕೆ ನಾಲ್ಕು ತಿಂಗಳ ಮೊದಲೇ ಕೇಳಿ.

ಎಷ್ಟು ಕಡೆ ಹಾಕಬೇಕು? ನಿಮ್ಮ ಅಂಕಕ್ಕೆ ನಿಚ್ಚಳವಾಗಿ ಅರ್ಹವಾದ ಎರಡು ಮೂರು, ಗಡಿಯಲ್ಲಿರುವ ಎರಡು ಮೂರು, ಆಸೆಯ ಒಂದು. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಬೋರ್ಡು ಹಾಕಿಕೊಂಡ ಕನ್ಸಲ್ಟೆನ್ಸಿಯವರು ‘ಫ್ರೀ ಪ್ರೊಸೆಸಿಂಗ್’ ಎಂದರೆ, ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿ. ಸೇರಿಸಿದ ವಿದ್ಯಾರ್ಥಿಯ ಮೇಲೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುವ ವ್ಯವಹಾರ ಅದು. ಕಡಿಮೆ ಅಂಕದವರನ್ನು ಒಪ್ಪಂದ ಇರುವ ದುಬಾರಿ ಕಾಲೇಜಿನ ಕಡೆಗೇ ತಿರುಗಿಸುತ್ತಾರೆ. ಕಾಗದ ಜೋಡಿಸಲು ಅವರ ನೆರವು ಬೇಕಿದ್ದರೆ ಪಡೆಯಿರಿ, ಪಟ್ಟಿ ಮಾತ್ರ ನಿಮ್ಮದೇ ಆಗಿರಲಿ.

ಸಾಲದ ಕೆಲಸವನ್ನು ಆಫರ್ ಲೆಟರ್ ಬಂದ ಮೇಲೆ ನೋಡೋಣ ಎನ್ನಬೇಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ. 4 ಲಕ್ಷ ದಾಟಿದರೆ ದೇಶದೊಳಗಿನ ಓದಿಗೆ ಶೇ 5, ಹೊರದೇಶದ ಓದಿಗೆ ಶೇ 15 ನಿಮ್ಮ ಕೈಯಿಂದ ಹಾಕಬೇಕು. 7.5 ಲಕ್ಷ ದಾಟಿದರೆ ಆಸ್ತಿ ತೋರಿಸಬೇಕಾಗುತ್ತದೆ, ನಮ್ಮವರು ಎಡವುವುದು ಅಲ್ಲಿಯೇ. ನಾಲ್ಕೆಕರೆ ಕಾಫಿ ತೋಟ ಇದೆ ಎಂದು ಧೈರ್ಯವಾಗಿ ಪಹಣಿ ಹಿಡಿದು ಹೋದರೆ, ಹೆಚ್ಚಿನ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತವೆ. ಪಟ್ಟಣದ ಮನೆ, ಸೈಟು, ಠೇವಣಿ ಕೇಳುತ್ತವೆ. ಇರುವ ಮನೆಯೂ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ, ಪೌತಿ ಖಾತೆಯಾಗಿ, ಚಿಕ್ಕಪ್ಪಂದಿರ ಒಪ್ಪಿಗೆ ಬಿದ್ದು, ವಕೀಲರ ವರದಿ ಬರುವಷ್ಟರಲ್ಲಿ ವೀಸಾ ಸಂದರ್ಶನದ ದಿನವೇ ದಾಟಿರುತ್ತದೆ. ಜಿಆರ್‌ಇ ಅಥವಾ ಎಪಿಎಸ್‌ಗೆ ದುಡ್ಡು ಕಟ್ಟಿದ ವಾರವೇ ಬ್ಯಾಂಕಿಗೂ ಹೋಗಿ, ಯಾವ ಆಸ್ತಿ ಒಪ್ಪುತ್ತೀರಿ, ಯಾವ ಯಾವ ಕಾಗದ ಬೇಕು ಎಂದು ಬರೆಸಿಕೊಂಡು ಬನ್ನಿ.